ಬೆನ್ನಿಗೆ ಬೆನ್ನು ಹಚ್ಚಿ ಬರೆದ ಬೀದಿ

ಯಾವ ಚಿತ್ರ ಕಂಡರೂ ನನ್ನ ಕಣ್ಣು ಮೊದಲು ಹುಡುಕುವುದು ನೆರಳನ್ನು. ಹೂವು ಎಷ್ಟು ಚೆಂದ, ಹೆಣ್ಣಿನ ಮೂಗು ಎಷ್ಟು ನೀಳ ಎಂಬುದೆಲ್ಲ ಆಮೇಲೆ. ಬೆಳಕು ಯಾವ ಕಡೆಯಿಂದ ಬಂದಿದೆ, ನೆರಳು ಯಾವ ಕಡೆಗೆ ಮಲಗಿದೆ ಎಂಬುದು ತಿಳಿಯುವವರೆಗೆ ನನಗೆ ಸಮಾಧಾನವಿಲ್ಲ. ಮೊನ್ನೆ ಇಲ್ಲೇ ಬಾಗಲಕೋಟೆಯ ನವನಗರದಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಕುರ್ಚಿಯಲ್ಲಿ ಹಿಂದಕ್ಕೆ ಒರಗಿಸಿ, ಆ ಎಳೆಯ ಡಾಕ್ಟರು "ಎಲ್ಲಿ ನೋವೈತ್ರಿ ಅಮ್ಮಾ?" ಎಂದು ಕೇಳಿದರು. ನಾನು ಕೈ ಎತ್ತಿ ಎದುರು ಗೋಡೆಯ ಸೀನರಿ ತೋರಿಸಿದೆ. ಹಿಮದ ಗುಡ್ಡ, ಕಟ್ಟಿಗೆಯ ಮನೆ, ಪೈನ್ ಮರ. ಮನೆಯ ನೆರಳು ಎಡಕ್ಕೆ, ಮರದ ನೆರಳು ಬಲಕ್ಕೆ. "ಅಲ್ಲಿ ಎರಡು ಸೂರ್ಯ ಅದಾವಲ್ರಿ ಡಾಕ್ಟರ" ಎಂದೆ. ಅವರು ನನ್ನ ಸೊಸೆಯ ಮುಖ ನೋಡಿದರು. "ಆಕಿ ಮೊದಲಿಂದ್ಲೂ ಹಿಂಗ ಡಾಕ್ಟರ್, ಅದಕ್ಕ ಟ್ರೀಟ್‌ಮೆಂಟ್ ಬ್ಯಾಡ. ಹಲ್ಲಿನದು ಮಾಡ್ರಿ" ಎಂದಳು ಸೊಸೆ.

ಮೊದಲಿನಿಂದಲೂ ಹೀಗಿರಲಿಲ್ಲ. ಬೆಳಗಾವಿಯ ಕಾನ್ವೆಂಟಿನಲ್ಲಿ ಬೋರ್ಡಿಂಗಿನಲ್ಲಿದ್ದಾಗ ನಮಗೆ ಡ್ರಾಯಿಂಗ್ ಕ್ಲಾಸಿತ್ತು. ಮೇಜಿನ ಮೇಲೆ ಒಂದು ಹೂಜಿ, ಒಂದು ಬದನೆಕಾಯಿ. ಅದಕ್ಕೆ ಸ್ಟಿಲ್ ಲೈಫ್ ಎಂಬ ದೊಡ್ಡ ಹೆಸರು. ಕಲಿಸುತ್ತಿದ್ದ ಸಿಸ್ಟರ್ ಬಲು ಕಟ್ಟುನಿಟ್ಟು. "ಐಸ್ ಆನ್ ಯುವರ್ ಓನ್ ಪೇಪರ್, ಗರ್ಲ್ಸ್!" ಎಂದರೆ ನಾವೆಲ್ಲ ಎಡಗೈಯನ್ನು ಬೇಲಿಯಂತೆ ಹಾಳೆಯ ಸುತ್ತ ಕಟ್ಟಿಕೊಳ್ಳುತ್ತಿದ್ದೆವು. ಪಕ್ಕದವಳ ಬದನೆಕಾಯಿ ನೋಡುವುದು ಪಾಪ, ನಮ್ಮದನ್ನು ತೋರಿಸುವುದು ಇನ್ನೂ ದೊಡ್ಡ ಪಾಪ. ಚಿತ್ರ ಬರೆಯುವುದೆಂದರೆ ಹೆಚ್ಚುಕಡಿಮೆ ಸ್ನಾನ ಮಾಡಿದ ಹಾಗೆ, ಒಬ್ಬರೇ, ಮರೆಯಲ್ಲಿ ಮಾಡಬೇಕಾದ ಕೆಲಸ ಎಂದು ನಂಬಿಕೊಂಡೇ ನಾನು ದೊಡ್ಡವಳಾದೆ. ಬದನೆಕಾಯಿ ಮಾತ್ರ ಕೊನೆಯವರೆಗೂ ಬರಲಿಲ್ಲ. ನಾನು ಬರೆದದ್ದನ್ನು ನೋಡಿ ಸಿಸ್ಟರ್ "ಈಸ್ ಇಟ್ ಅ ಬರ್ಡ್?" ಎಂದು ಬಹಳ ದಯೆಯಿಂದ ಕೇಳುತ್ತಿದ್ದರು.

ಎಪ್ಪತ್ತರ ದಶಕದ ಕೊನೆಗೆ ಓದು ಮುಗಿಸಿ ಹಳೆ ಬಾಗಲಕೋಟೆಯ ನಮ್ಮ ಮನೆಗೆ ಬಂದು, ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರಾದೆ. ಆ ಓಣಿ ಈಗ ನೀರಿನ ಕೆಳಗಿದೆ. ಆಗಲೇ ಡ್ಯಾಮಿನ ಸುದ್ದಿ ಇತ್ತು. ಊರು ಮುಳುಗುತ್ತದಂತೆ ಎಂದು ಜನ ಚಹಾ ಕುಡಿಯುತ್ತ ಹೇಳುತ್ತಿದ್ದರು, ಚಹಾ ಮುಗಿಸಿ ಮನೆಗೆ ಸುಣ್ಣ ಬಳಿಸುತ್ತಿದ್ದರು.

ನಮ್ಮ ಕಟ್ಟೆಯ ಎದುರಿಗೇ, ಟೇಲರ್ ಹಸನಸಾಬರ ಅಂಗಡಿಗೂ ಕಾಳಿನ ಅಂಗಡಿಗೂ ನಡುವೆ ಒಂದು ಸಂದಿ ಇತ್ತು. ಮೇಲೆ ತಗಡು ಹೊದಿಸಿದ್ದರು. ಅದೇ ನಾಟಕ ಕಂಪನಿಗಳಿಗೆ ಪರದೆ ಬರೆದುಕೊಡುವ ರುದ್ರಪ್ಪನ ಅಂಗಡಿ. ರುದ್ರಪ್ಪ, ಅವನ ದೊಡ್ಡ ಮಗ ಮಾನಪ್ಪ, ಸಣ್ಣ ಮಗ ಕಾಳಪ್ಪ ಮೂವರೂ ಒಳಗೆ ಕೂತರೆ ನಾಲ್ಕನೆಯದಾಗಿ ಒಂದು ಬೆಕ್ಕು ಹಿಡಿಯುತ್ತಿತ್ತು, ಅದೂ ಬಾಲ ಮಡಚಿಕೊಂಡರೆ. ಮುಂದೆ ಬಾಗಿಲಿಲ್ಲ, ಪೂರ್ತಿ ಬೀದಿಗೆ ತೆರೆದದ್ದು. ಅಂಥದರಲ್ಲಿ ದರ್ಬಾರು, ಅರಣ್ಯ, ಉದ್ಯಾನ, ಬೀದಿ, ಎಲ್ಲವೂ ಹುಟ್ಟುತ್ತಿದ್ದವು. ಅರಣ್ಯವಂತೂ ಒಂದೇ. ಅದರ ಮುಂದೆ ರಾಮನೂ ವನವಾಸ ಮಾಡುತ್ತಿದ್ದ, ಹೀರೋ ಹೀರೋಯಿನ್ನೂ ಓಡಿಹೋಗುತ್ತಿದ್ದರು.

ಪರದೆ ದೊಡ್ಡದು, ಅಂಗಡಿ ಸಣ್ಣದು. ಆದ್ದರಿಂದ ಒರಟು ಬಿಳಿ ಬಟ್ಟೆಯ ಒಂದು ತುದಿಯನ್ನು ಎಡಗೋಡೆಗೆ, ಇನ್ನೊಂದು ತುದಿಯನ್ನು ಬಲಗೋಡೆಗೆ ಬಿಗಿದು, ನಡುವಿನ ಭಾಗವನ್ನು ಹಿಂದೆ ಸುರುಳಿ ಸುತ್ತಿ ಇಡುತ್ತಿದ್ದರು. ಎಡದಿಂದ ಮಾನಪ್ಪ, ಬಲದಿಂದ ಕಾಳಪ್ಪ. ಬರೆದಷ್ಟನ್ನು ಸುತ್ತುತ್ತ, ಬರೆಯದ್ದನ್ನು ಬಿಚ್ಚುತ್ತ, ಇಬ್ಬರೂ ನಡುವಿಗೆ ಬರಬೇಕು. ಬಣ್ಣದ ಪುಡಿಯನ್ನು ಬಿಸಿ ಅಂಟಿನಲ್ಲಿ ಕಲಸುತ್ತಿದ್ದರು. ಒಂದು ಬಟ್ಟಲಿನ ಬಣ್ಣ ಒಣಗಿದ ಮೇಲೆ ಇನ್ನೊಂದು ಬಟ್ಟಲಿನ ಬಣ್ಣಕ್ಕೆ ಕೂಡುವುದಿಲ್ಲವಾದ್ದರಿಂದ, ನಡುವಿನ ಆ ಬಾಗಿಲಷ್ಟು ಅಗಲದ ಪಟ್ಟಿಯನ್ನು ಮಾತ್ರ ಇಬ್ಬರೂ ಪಕ್ಕಪಕ್ಕ ಕೂತು, ಒಂದೇ ಬಟ್ಟಲಿನಲ್ಲಿ ಕುಂಚ ಅದ್ದಿ, ಒಂದೇ ಉಸಿರಿಗೆ ಮುಗಿಸಬೇಕಿತ್ತು.

ಇಷ್ಟೆಲ್ಲ ಆಗುತ್ತಿದ್ದದ್ದು ಬೀದಿಯ ಕಣ್ಣೆದುರಿಗೆ. ಸಂತೆಗೆ ಬಂದವರು ಗಂಟು ಇಳಿಸಿ ನಿಲ್ಲುತ್ತಿದ್ದರು. "ಆ ರಾಜಾಗ ಮೀಸಿ ಸಾಲ್ವಲ್ದು" ಎಂದೊಬ್ಬ, "ಹಸನಸಾಬರ ಅಂಗಡಿ ಬೋರ್ಡೂ ಬರಲಿ ಅದರಾಗ" ಎಂದು ಹಸನಸಾಬರೇ. ಎಡಗೈಯ ಬೇಲಿಯಲ್ಲಿ ಬೆಳೆದ ನನಗೆ ಮೊದಲಿಗೆ ನಾಚಿಕೆಯಾಗುತ್ತಿತ್ತು. ಇವರಿಗೆ ಪ್ರೈವಸಿ ಬೇಡವೇ? ನಮ್ಮ ಗೌರತ್ತಿ, ಎಂದರೆ ನನ್ನ ತಂದೆಯ ಅಕ್ಕ, ನಮ್ಮ ಮನೆಯಲ್ಲೇ ಇದ್ದವಳು, ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತ ನಕ್ಕಿದ್ದಳು. "ಪರದಿ ಬರ್ಯಾಕ ಪರದಿ ಹಾಕ್ಕೋಬೇಕೇನವಾ?"

ಆ ಕೆಲಸದಲ್ಲಿ ರುದ್ರಪ್ಪನದು ಒಂದೇ ಪಾಲು. ಮುಪ್ಪಿಗೆ ಅವನ ಕೈ ನಡುಗುತ್ತಿತ್ತು, ಬಣ್ಣ ಮುಟ್ಟುತ್ತಿರಲಿಲ್ಲ. ಹೊಸ ಬಟ್ಟೆ ಬಂದ ದಿನ ಅದನ್ನು ಬೀದಿಯಲ್ಲಿ ಹಾಸಿಸಿ, ಇದ್ದಿಲಿನ ಚೂರೊಂದರಿಂದ ಮೇಲಂಚಿನಲ್ಲಿ ಒಂದು ಸಣ್ಣ ಸೊನ್ನೆ ಹಾಕುತ್ತಿದ್ದ. ಅದು ಸೂರ್ಯ. ಬೆಳಕು ಇಲ್ಲಿಂದ ಬರುತ್ತದೆ ಎಂದರ್ಥ. ಎಡಕ್ಕೆ ಹಾಕಿದರೆ ಮುಂಜಾನೆ, ಬಲಕ್ಕೆ ಹಾಕಿದರೆ ಸಂಜೆ. ಆಮೇಲೆ ಮಕ್ಕಳು ಎಡಕ್ಕೊಬ್ಬ ಬಲಕ್ಕೊಬ್ಬ ಕೂತರೂ ಇಬ್ಬರ ನೆರಳೂ ಒಂದೇ ಕಡೆ ಬೀಳುತ್ತಿದ್ದವು. ಆ ಸೊನ್ನೆಯ ಮೇಲೆ ಕೊನೆಗೆ ಆಕಾಶ ಬಳಿಯುತ್ತಿದ್ದರು. ನಾಟಕ ನೋಡಿದವರು ಯಾರೂ ಅದನ್ನು ಕಂಡವರಲ್ಲ.

ಒಂದು ಬೇಸಿಗೆಯಲ್ಲಿ ರುದ್ರಪ್ಪನ ಎದೆನೋವು ಜೋರಾಗಿ ಹುಬ್ಬಳ್ಳಿಯ ದವಾಖಾನೆಗೆ ಸೇರಿಸಿದರು. ಕಾಳಪ್ಪ ಆಗ ಹುನಗುಂದದಲ್ಲಿ ಬೀಡುಬಿಟ್ಟಿದ್ದ ಕಂಪನಿಯೊಂದರ ಹರಿದ ಪರದೆಗಳನ್ನು ತಿದ್ದಲು ಹೋಗಿದ್ದ. ಮಾನಪ್ಪ ಅವನಿಗೆ ಹೇಳಿ ಕಳಿಸಲಿಲ್ಲ. "ಹಿಡಿದ ಕೆಲಸ ಮುಗಿಸಿ ಬರಲಿ, ಅಂಜಿಸಬ್ಯಾಡ" ಎಂದು ತಂದೆಯೇ ಹೇಳಿದ್ದನಂತೆ. ಕಾಳಪ್ಪ ಕೆಲಸ ಮುಗಿಸಿ, ತಂದೆಗೆಂದು ಹುನಗುಂದದ ಪೇಟೆಯಿಂದ ಒಂದು ಟವೆಲು ಕೊಂಡು, ಬಸ್ಸಿಳಿದು ಬಂದಾಗ ಮಣ್ಣು ಕೊಟ್ಟಾಗಿತ್ತು.

ಅವನು ಕೂಗಾಡಲಿಲ್ಲ. ಅಣ್ಣನ ಜೊತೆ ಮಾತು ಬಿಟ್ಟ, ಅಷ್ಟೇ. ಅಣ್ಣನೂ ಎರಡು ಸಲ ಕರೆದು, ಉತ್ತರ ಬರದಾಗ ಸುಮ್ಮನಾದ. ಆಗಲೇ ಒಪ್ಪಿಕೊಂಡಿದ್ದ ಒಂದು ಬೀದಿ ಪರದೆ ಬಾಕಿ ಇತ್ತು. ಕಂಪನಿ ಇಳಕಲ್ಲಿನಲ್ಲಿ ಟೆಂಟು ಹಾಕಿತ್ತು. "ಇದೊಂದು ಮುಗಿಸಿಕೊಡ್ತೇನಿ. ಪರದಿ ಒಯ್ಯೂ ಲಾರ್‍ಯಾಗ ನಾನೂ ಹೋಗ್ತೇನಿ, ಹೊಳ್ಳಿ ಬರಾಂಗಿಲ್ಲ" ಎಂದು ಕಾಳಪ್ಪ ಹಸನಸಾಬರ ಮುಂದೆ ಹೇಳಿದ. ಇಳಕಲ್ಲು ಅವನ ಹೆಂಡತಿಯ ತವರು. ಮರುದಿನವೇ ಅವನ ಹಾಸಿಗೆಯ ಸುರುಳಿ ಅಂಗಡಿಯ ಮೂಲೆಯಲ್ಲಿ ಬಂದು ನಿಂತಿತು, ಹಗ್ಗ ಬಿಗಿದುಕೊಂಡು. ಪರದೆ ಮುಗಿಯಿತೆಂದರೆ ಆ ಮನೆತನ ಎರಡಾಯಿತು ಎಂದು ಓಣಿಗೆಲ್ಲ ಗೊತ್ತಾಯಿತು.

ಮಾತು ಬಿಟ್ಟವರು ದೂರ ಕೂಡಬೇಕು. ಇವರಿಗೆ ದೂರ ಎಂಬುದಾದರೂ ಎಲ್ಲಿತ್ತು? ಅಣ್ಣ ಎಡಗೋಡೆಗೆ ಮುಖ ಮಾಡಿ, ತಮ್ಮ ಬಲಗೋಡೆಗೆ ಮುಖ ಮಾಡಿ ಕೂತರೆ ಬೆನ್ನಿಗೆ ಬೆನ್ನು ತಾಗುತ್ತಿತ್ತು. ಒಬ್ಬ ಕೆಮ್ಮಿದರೆ ಇನ್ನೊಬ್ಬನ ಕುಂಚ ಅಲುಗುತ್ತಿತ್ತು. ತಿರುಗಿ ನೋಡಿದವನು ಸೋತ ಎಂಬಂತೆ ಇಬ್ಬರೂ ಕತ್ತು ಬಿಗಿಹಿಡಿದಿದ್ದರು. ಕೆಲಸದ ಮಾತು ಮಾತ್ರ ಬೇಕೇ ಬೇಕಲ್ಲ, ಅದು ಬೀದಿಯನ್ನು ಸುತ್ತಿಕೊಂಡು ಹೋಗುತ್ತಿತ್ತು.

"ಗೌರಕ್ಕ, ನೀಲಿ ಡಬ್ಬಿ ಈ ಕಡೆ ಸರಸು ಅಂತ ಹೇಳ್ರಿ ಅವಂಗ" ಎಂದು ಮಾನಪ್ಪ ಗೋಡೆಗೆ ಹೇಳುತ್ತಿದ್ದ.

ಗೌರತ್ತಿ ಬೀದಿಯ ಈಚೆಯಿಂದ ಕೂಗುತ್ತಿದ್ದಳು. "ಕಾಳಪ್ಪಾ, ನೀಲಿ ಡಬ್ಬಿ ಸರಸಬೇಕಂತಪ."

"ನೀಲಿ ತೀರೇತಿ ಅಂತ ಹೇಳ್ರಿ."

"ಮಾನಪ್ಪಾ, ನೀಲಿ ತೀರೇತಂತ."

"ಕೇಳಿಸ್ತ್ರಿ" ಎನ್ನುತ್ತಿದ್ದ ಮಾನಪ್ಪ. ಕೇಳದೇ ಇರಲು ಅವನ ಕಿವಿಗೂ ತಮ್ಮನ ಬಾಯಿಗೂ ನಡುವೆ ಇದ್ದದ್ದು ಒಂದು ಅಂಗಿ ಮಾತ್ರ.

ಗೌರತ್ತಿ ಒಳಗಿದ್ದಾಗ ಆ ಕೆಲಸ ಹಸನಸಾಬರಿಗೆ. "ನಾ ಟೇಲರ್ ಇದ್ದೆ, ಟೆಲಿಫೋನ್ ಎಕ್ಸ್‌ಚೇಂಜ್ ಮಾಡಿಟ್ಟಾರ ಇವರು. ಟ್ರಂಕ್ ಕಾಲಿಗೆ ಒಂದು ಚಾ ಆದ್ರೂ ಕುಡಸ್ರಿಲೇ" ಎಂದು ಅವರು ಗೊಣಗುತ್ತಿದ್ದರು. ಒಂದು ರವಿವಾರ ನನಗೂ ಪಾಳಿ ಬಂತು. "ಅಕ್ಕಾರ, ಅವನ ಗಿಡಾ ಕಸಬರಿಗಿ ಆಗ್ಯಾವ ಅಂತ ಹೇಳ್ರಿ" ಎಂದ ಮಾನಪ್ಪ. ನಾನು ಒಂದಕ್ಷರ ಬಿಡದೆ ಹೇಳಿದೆ. "ಈ ಓಣ್ಯಾಗ ಕಸಾ ಭಾಳ ಆಗೇತಿ, ಕಸಬರಿಗಿ ಇರ್ಲಿ ಅಂತ ಹೇಳ್ರಿ" ಎಂದ ಕಾಳಪ್ಪ. ಅದನ್ನೂ ವರ್ಬೇಟಿಮ್ ಒಪ್ಪಿಸಿದೆ. ಮಧ್ಯಾಹ್ನವಿಡೀ ಇಬ್ಬರೂ ಊಟಕ್ಕೆ ಏಳಲಿಲ್ಲ.

ಗೌರತ್ತಿ ನನ್ನನ್ನು ಒಳಗೆಳೆದು ಬೈದಳು. "ಇದ್ದದ್ದು ಇದ್ದಂಗ ಹೇಳೂದು ನಿಮ್ಮ ಕಾನ್ವೆಂಟಿನ್ಯಾಗ. ಇಲ್ಲಿ ಮಾತು ಒಯ್ಯಾಕಿ ದಾರ್‍ಯಾಗ ಒಂದೀಟು ಬೆಲ್ಲಾ ಹಾಕಬೇಕು. ನಾ ಹ್ಯಾಂಗ ಒಯ್ತೇನಿ ನೋಡೀಯಿಲ್ಲೋ?" ಆಮೇಲೆ ಕಿವಿಗೊಟ್ಟು ಕೇಳಿದೆ. ಖರೆ, ಅವಳ ಬಾಯಲ್ಲಿ 'ಆ ಮಬ್ಬಗ ಹೇಳ್ರಿ' ಎಂಬುದು 'ಸ್ವಲ್ಪ ನೋಡಬೇಕಂತಪ' ಆಗಿ ದಾಟುತ್ತಿತ್ತು. ಇಷ್ಟೊಂದು ಬೆಲ್ಲ ಸುರಿದರೂ ಇಬ್ಬರ ನಡುವಿನ ಮೌನ ಮಾತ್ರ ಕರಗಲಿಲ್ಲ. ಶಿವಯೋಗ ಮಂದಿರಕ್ಕೆ ಹೋದಾಗ ಅವಳು ಈ ಅಣ್ಣತಮ್ಮಂದಿರ ಸಲುವಾಗಿಯೂ ಒಂದು ಕಾಯಿ ಒಡೆಸಿ ಬಂದಳು.

ನೆರಳಿನ ಸಂಗತಿ ಮೊದಲು ಕಂಡದ್ದು ಹಸನಸಾಬರಿಗೆ. ಒಂದು ಸಂಜೆ ಅಂಗಡಿಯ ಎದುರು ನಿಂತು ಎಡಗೋಡೆ ನೋಡಿದರು, ಬಲಗೋಡೆ ನೋಡಿದರು, ನಮ್ಮ ಕಟ್ಟೆಗೆ ಬಂದು ದನಿ ಇಳಿಸಿ ಹೇಳಿದರು. "ಗೌರಕ್ಕ, ದೊಡ್ಡಾಂವನ ಕಡೆ ಮುಂಜಾನಿ ಆಗೇತಿ. ಸಣ್ಣಾಂವನ ಕಡೆ ಹೊತ್ತು ಮುಳಗಾಕತ್ತೈತಿ." ನಾವೂ ನೋಡಿದೆವು. ಮಾನಪ್ಪನ ಮನೆಗಳ ನೆರಳು ಬಲಕ್ಕೆ ಬಿದ್ದಿತ್ತು, ಕಾಳಪ್ಪನ ಕಂಬಗಳ ನೆರಳು ಎಡಕ್ಕೆ. ಬಟ್ಟೆಯ ಮೇಲಂಚಿನಲ್ಲಿ ಇದ್ದಿಲಿನ ಸೊನ್ನೆ ಇರಲಿಲ್ಲ. ಹಾಕುವವನು ಇರಲಿಲ್ಲ. ಅದನ್ನು ತಾನು ಹಾಕಿದರೆ ಅಪ್ಪನ ಜಾಗದಲ್ಲಿ ಕೂತಂತೆ ಎಂದು ಅಣ್ಣ ಅಂಜಿದ್ದ, ಅಣ್ಣನನ್ನು ದಾಟಿ ತಾನು ಹೇಗೆ ಹಾಕುವುದು ಎಂದು ತಮ್ಮ ಬಿಟ್ಟಿದ್ದ. ಕೇಳಿಕೊಳ್ಳಲು ಮಾತಿರಲಿಲ್ಲ. ತಮಗೆ ತೋಚಿದ ಹೊತ್ತನ್ನು ತಾವು ತಾವೇ ಆರಿಸಿಕೊಂಡಿದ್ದರು.

ಯಾರಾದರೂ ಹೇಳಬೇಕಿತ್ತು. ಹಸನಸಾಬರು ಕಾಳಪ್ಪನ ಕಿವಿಯಲ್ಲಿ ಹೇಳಿದರು, ನಿಮ್ಮಣ್ಣ ಮುಂಜಾನೆ ಬರೆದಿದ್ದಾನೆ ಎಂದು. ಅದೇ ದಿನ, ಹಸನಸಾಬರು ಹೇಳಿದ್ದು ತಿಳಿಯದೆ, ಗೌರತ್ತಿ ಮಾನಪ್ಪನನ್ನು ಕರೆದು ಹೇಳಿದಳು, ನಿನ್ನ ತಮ್ಮ ಸಂಜೆ ಬರೆದಿದ್ದಾನೆ ಎಂದು. ಇಬ್ಬರೂ ಕೇಳಿದರು. ಇಬ್ಬರೂ ಮತ್ತೆ ಕೂತಲ್ಲಿಗೆ ಹೋಗಿ ಕೂತರು.

ಮರುದಿನ ಮಧ್ಯಾಹ್ನ ಮಾನಪ್ಪ ಊಟಕ್ಕೆ ಹೋದಾಗ ಕಾಳಪ್ಪ ತನ್ನ ಕಡೆಯ ಸುರುಳಿ ಬಿಚ್ಚಿದ. ಕಂಬಗಳ ಕಾಲಡಿಯ ನೆರಳನ್ನು ಮಣ್ಣಿನ ಬಣ್ಣದಿಂದ ಮುಚ್ಚಿ, ಅವನ್ನು ಆಚೆ ಮಗ್ಗುಲಿಗೆ ಹೊರಳಿಸತೊಡಗಿದ. ಅಣ್ಣನ ಮುಂಜಾನೆಗೆ ಹೊಂದುವಂತೆ. "ಗುಡ್ ಬಾಯ್" ಎಂದುಕೊಂಡೆ ನಾನು. ಮಾರನೆಯ ದಿನ ಬೆಳಗ್ಗೆ ಕಾಳಪ್ಪ ಬರುವ ಮೊದಲೇ ಮಾನಪ್ಪ ಬಂದು ಕೂತಿದ್ದ. ತನ್ನ ಸುರುಳಿ ಬಿಚ್ಚಿಕೊಂಡು, ತನ್ನ ಮನೆಗಳ ನೆರಳನ್ನು ತಮ್ಮನ ಸಂಜೆಗೆ ಹೊಂದುವಂತೆ ಹೊರಳಿಸುತ್ತಿದ್ದ.

ನನ್ನ ಕೈಯಲ್ಲಿದ್ದ ಚಹಾ ಆರಿಹೋಯಿತು. "ಅತ್ತೀ, ಇಬ್ಬರೂ ತಿದ್ದಾಕತ್ತಾರ! ಮತ್ತ ಮೊದಲಿನಂಗ ಉಲ್ಟಾ ಆಗ್ತದ. ನಾ ಹೋಗಿ ಹೇಳ್ತೇನಿ."

ಗೌರತ್ತಿ ನನ್ನ ಸೆರಗು ಹಿಡಿದಳು. "ಕೂಡು. ಬಾಯಿ ಬಿಟ್ಟೀ ಅಂದ್ರ ನೋಡು."

"ಕಂಪನಿ ಮಾಲಕರು ಬಂದು ನೋಡಿದ್ರ?"

"ನೋಡ್ಲಿ. ಇಷ್ಟ ದಿನಾ ನಮ್ಮ ಬಾಯಿಲೆ ಮಾತಾಡ್ಯಾರ. ಇನ್ನ ತಮ್ಮ ಬಾಯಿ ತಗೀಲಿ."

ಅವಳು ಹಸನಸಾಬರಿಗೂ ಕಣ್ಣಿನಲ್ಲೇ ಹೇಳಿದಳು. ಕಾಳಿನ ಅಂಗಡಿಯವರಿಗೂ ಹೇಳಿದಳು. ಅಷ್ಟು ದಿನ ಮೀಸೆಗೆ, ಗಿಡಕ್ಕೆ, ಮೋಡಕ್ಕೆ ಬಾಯಿ ಹಾಕುತ್ತಿದ್ದ ಆಡಿಯನ್ಸು ಒಮ್ಮೆಲೇ ಮೂಕವಾಯಿತು. ಅಣ್ಣ ಬೆಳಗ್ಗೆ, ತಮ್ಮ ಮಧ್ಯಾಹ್ನ, ಕದ್ದು ಕದ್ದು ತಿದ್ದುತ್ತಿದ್ದರು. ಊರಿನ ಕಣ್ಣೆದುರು, ಒಬ್ಬರಿಗೊಬ್ಬರು ಮಾತ್ರ ಕಾಣದಂತೆ. ನಾನು ಅಷ್ಟೊಂದು ಜನ ಕೂಡಿ ಒಂದು ಗುಟ್ಟು ಕಾಪಾಡಿದ್ದನ್ನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ.

ನಡುವಿನ ಪಟ್ಟಿಯೊಂದು ಉಳಿದಾಗ, ಪೇಟೆಗೆ ರಜೆಯ ದಿನ ಬೆಳಗ್ಗೆ, ಬಟ್ಟೆಯನ್ನು ಹೊರತಂದು ಬೀದಿಯಲ್ಲಿ ಉದ್ದಕ್ಕೆ ಹಾಸಿದರು. ಮೂಲೆಗಳಿಗೆ ಕಲ್ಲಿಟ್ಟರು. ಇಳಕಲ್ಲಿನಿಂದ ಕಂಪನಿಯ ಮಾಲಕರೂ ಬಂದಿದ್ದರು. ಅವರು ಸೊಂಟದ ಮೇಲೆ ಕೈಯಿಟ್ಟು ಎಡದಿಂದ ಬಲಕ್ಕೆ ನಡೆದರು, ಬಲದಿಂದ ಎಡಕ್ಕೆ ನಡೆದರು. "ಏನ್ರಿ ಮಾನಪ್ಪ, ಇದು ಯಾವೂರ ಬೀದಿರಿ? ಒಂದ ಬೀದಿಗೆ ಎರಡೆರಡು ಸೂರ್ಯ ಹುಟ್ಯಾವಲ್ರಿ!"

ಅಣ್ಣತಮ್ಮಂದಿರು ಆಗ ಮೊದಲ ಸಲ ಪೂರ್ತಿ ಬಟ್ಟೆ ನೋಡಿದರು. ಮಾನಪ್ಪ ತಮ್ಮನ ಅರ್ಧದ ಮೇಲೆ ಬಗ್ಗಿದ. ಮುಚ್ಚಿದ ಹಳೆಯ ನೆರಳಿನ ಗುರುತು ಬಣ್ಣದಡಿಯಿಂದ ಸ್ವಲ್ಪ ಕಾಣುತ್ತಿತ್ತು. ಅದರ ಮೇಲೆ ಬೆರಳಾಡಿಸಿದ. ತಲೆಯೆತ್ತದೆ ಕೇಳಿದ.

"ನೀ ಯಾಕ ತಿದ್ದಿದಿ?"

ಕಾಳಪ್ಪ ರೂಢಿಯಂತೆ ಗೌರತ್ತಿಯ ಕಡೆ ತಿರುಗಿದ. ಗೌರತ್ತಿ ಮಾಳಿಗೆಯ ಮೇಲಿನ ಕಾಗೆಯನ್ನು ನೋಡುತ್ತಿದ್ದಳು. ಹಸನಸಾಬರ ಕಡೆ ನೋಡಿದ. ಅವರು ಸೂಜಿಯ ಕಣ್ಣನ್ನು ಬೆಳಕಿಗೆ ಹಿಡಿದು ದಾರ ಪೋಣಿಸುತ್ತಿದ್ದರು. ನಾನು ನನ್ನ ಚಪ್ಪಲಿ ನೋಡಿಕೊಂಡೆ. ಮಾತು ಒಯ್ಯುವವರು ಯಾರೂ ಉಳಿದಿರಲಿಲ್ಲ.

"ನೀ ಮುಂಜಾನಿ ಬರದೀ ಅಂದ್ರು" ಎಂದ ಕಾಳಪ್ಪ, ಕೊನೆಗೆ. "ನೀ ದೊಡ್ಡಾಂವ. ಅದಕ್ಕ ತಿದ್ದಿದೆ. ನೀ ಯಾಕ ತಿದ್ದಿದಿ?"

"ನೀ ಸಂಜಿ ಬರದಿದ್ದಿ. ಅಪ್ಪಗ ಸಂಜಿ ಬೆಳಕು ಸೇರತಿತ್ತು."

ಮಾಲಕರು ಇಬ್ಬರನ್ನೂ ನೋಡಿ, "ಅದೆಲ್ಲಾ ಖರೆ. ನನ್ನ ಗತಿ ಏನ್ರಿ? ನಾಳೆ ಮುಂಜಾನೆ ಲಾರಿ ಹೊಂಡಬೇಕು" ಎಂದರು. ಮಾನಪ್ಪ ಬಟ್ಟೆಯ ಕಾಲಕಡೆ ಹೋಗಿ ನಿಂತ. ಮೊದಲು ಎರಡೂ ಕಡೆಯ ನೆರಳು ನಡುವಿಗೆ ಬಿದ್ದು ಹಾಯುತ್ತಿದ್ದವು. ಈಗ ಎರಡೂ ಹೊರಮುಖವಾಗಿ, ನಡುವಿನ ಖಾಲಿ ಪಟ್ಟಿಯನ್ನು ಬಿಟ್ಟು ಅತ್ತ ಇತ್ತ ಸರಿದುಹೋಗಿದ್ದವು. ಅವನು ಅದನ್ನು ನೋಡುತ್ತ ನಿಂತ. ಒಳಗೆ ಹೋಗಿ ತಂದೆಯ ತಗಡಿನ ಡಬ್ಬಿಯಿಂದ ಇದ್ದಿಲಿನ ಚೂರು ತಂದ.

"ಸೂರ್ಯ ನಡುವ ಇದ್ರ ಎಲ್ಲಾ ಸರೀ ಐತಿ" ಎಂದ. "ತಗೋ. ನೀ ಹಾಕು."

ಕಾಳಪ್ಪ ಕೈ ಚಾಚಲಿಲ್ಲ. ಅಣ್ಣನೂ ಕೈ ಹಿಂದೆ ತೆಗೆಯಲಿಲ್ಲ. ಬಿಸಿಲು ಏರುತ್ತಿತ್ತು. ಬಟ್ಟೆಯ ಮೇಲೆ ಇಬ್ಬರ ನಿಜವಾದ ನೆರಳು ಬಿದ್ದಿತ್ತು, ಎರಡೂ ಒಂದೇ ಕಡೆಗೆ. ಆಮೇಲೆ ಕಾಳಪ್ಪ ಮೊಣಕಾಲೂರಿ, ಖಾಲಿ ಪಟ್ಟಿಯ ನೆತ್ತಿಗೆ ಒಂದು ಸೊನ್ನೆ ಹಾಕಿದ. ಅದು ಅಷ್ಟೇನೂ ದುಂಡಗೆ ಬರಲಿಲ್ಲ.

ಬಟ್ಟೆ ಮತ್ತೆ ಒಳಗೆ ಹೋಯಿತು. ಈ ಸಲ ಹಿಂಗೋಡೆಗೆ ಬಿಗಿದರು. ಅಂಟು ಕಾಸಿ, ಒಂದೇ ಬಟ್ಟಲಿನಲ್ಲಿ ಬಣ್ಣ ಕಲಸಿ, ಇಬ್ಬರೂ ನಮಗೆ ಬೆನ್ನು ಮಾಡಿ ಪಕ್ಕಪಕ್ಕ ಕೂತರು. ಬೀದಿಯಲ್ಲಿ ಜನ ಎಂದಿಗಿಂತ ಹೆಚ್ಚು ಸೇರಿತ್ತು. ಒಬ್ಬರೂ ಬಾಯಿ ಹಾಕಲಿಲ್ಲ. ಕುಂಚಗಳು ಒಂದಾದ ಮೇಲೊಂದು ಬಟ್ಟಲಿಗೆ ಇಳಿಯುತ್ತಿದ್ದವು, ಏಳುತ್ತಿದ್ದವು. ಮಧ್ಯಾಹ್ನವಾಯಿತು.

ಕಾಳಪ್ಪ ಕೈ ನಿಲ್ಲಿಸದೆ ಕೇಳಿದ. "ಅಪ್ಪ ಎಷ್ಟೊತ್ತಿಗೆ ಹೋದ?"

"ಈಟೊತ್ತಿಗೇ. ಊಟದ ಹೊತ್ತು."

"ನನ್ನ ಕೇಳಿದ್ನೇನು?"

ಮಾನಪ್ಪನ ಕುಂಚ ನಿಂತಿತು.

ಆಗ ಹಸನಸಾಬರು ಓಡುತ್ತಿದ್ದ ಮಷೀನಿನ ಗಾಲಿಯನ್ನು ಅಂಗೈಯಿಂದ ತಡೆದು ನಿಲ್ಲಿಸಿದರು. ಅಂಗಡಿಯಿಂದಿಳಿದು, ಹೋಗಬೇಕಾದ ಕೆಲಸವೇನೂ ಇಲ್ಲದಿದ್ದರೂ, ಪೇಟೆಯ ಕಡೆ ನಡೆದುಬಿಟ್ಟರು. ನಿಂತಿದ್ದವರು ಒಬ್ಬೊಬ್ಬರಾಗಿ ಮನೆಯ ದಾರಿ ಹಿಡಿದರು. ಮಾಲಕರು ಕೆರವು ಮೆಟ್ಟಿಕೊಂಡು ಚಹಾದಂಗಡಿ ಹುಡುಕಿ ಹೋದರು. ಗೌರತ್ತಿ ನನ್ನ ರಟ್ಟೆ ಹಿಡಿದು ಒಳಗೆ ಕರೆದು, ಹಗಲಿನಲ್ಲಿ ಎಂದೂ ಮುಚ್ಚದ ನಮ್ಮ ಮನೆಯ ಎರಡೂ ಕದ ಎಳೆದು ಅಗಳಿ ಹಾಕಿದಳು.

"ಅತ್ತೀ, ಏನಂದ್ನೋ ಕೇಳೂಣು..."

"ಹುಚ್ಚಿ, ಅದು ನಾವು ಕೇಳೂದಲ್ಲ" ಎಂದಳು.

ಕತ್ತಲೆಯಲ್ಲಿ ಕೂತೆವು. ಹೊರಗೆ ಒಂದು ದನಿ ತಗ್ಗಿನಲ್ಲಿ ಮಾತಾಡುತ್ತಿತ್ತು, ಇನ್ನೊಂದು ನಡುನಡುವೆ ಒಡೆಯುತ್ತಿತ್ತು. ಶಬ್ದಗಳು ಕದದ ಆಚೆಗೇ ಉಳಿದವು. ರುದ್ರಪ್ಪ ಕೊನೆಗೆ ಸಣ್ಣ ಮಗನನ್ನು ಕೇಳಿದ್ದನೇ, ಕೇಳಿದ್ದರೆ ಏನೆಂದು, ನನಗೆ ಇವತ್ತಿಗೂ ಗೊತ್ತಿಲ್ಲ. ಆ ಓಣಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ, ಯಾರೂ ವಿಚಾರಿಸಲಿಲ್ಲ.

ಮರುದಿನ ಬೆಳಗ್ಗೆ ಲಾರಿ ಇಳಕಲ್ಲಿಗೆ ಒಯ್ದದ್ದು ಪರದೆಯೊಂದನ್ನೇ.